ಅಳಿಸಿಹೋದ ಅಂಕಪಟ್ಟಿ ಮರಳಿ ಬರುವ ಬಗೆ

ಶಾಲೆ-ಕಾಲೇಜು ಸೇರುವ ಕಾಲ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ನಾಡಕಚೇರಿಗಳ ಮುಂದೆ ತಂದೆ-ತಾಯಿಯರ ಸಾಲು ಬೆಳೆಯುತ್ತದೆ. ಮಗಳನ್ನು ಪಿಯುಸಿಗೆ ಸೇರಿಸಲು ಜಾತಿ-ಆದಾಯ ಪ್ರಮಾಣಪತ್ರ ಬೇಕು. ಮಗನ ವಿದ್ಯಾರ್ಥಿವೇತನಕ್ಕೂ ಅದೇ ಬೇಕು. ಬೆಳೆಸಾಲಕ್ಕೆ ಪಹಣಿ ಬೇಕು. ಕಿಟಕಿಯ ಒಳಗಿನಿಂದ ಬರುವ ‘ಸರ್ವರ್ ಇಲ್ಲ, ಮಧ್ಯಾಹ್ನ ಬನ್ನಿ’ ಎಂಬ ಮಾತು ಈ ಸಾಲಿನಲ್ಲಿ ನಿಂತವರಿಗೆ ಹೊಸದೇನಲ್ಲ. ಸರ್ವರ್ ಬರದಿದ್ದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಹೋಗುತ್ತದೆ. ಆದರೆ ಸರ್ವರ್ ಬಂದು, ಅದರೊಳಗೆ ಇರಬೇಕಾದ ದಾಖಲೆಯೇ ಇಲ್ಲವೆಂದಾದರೆ?

ಇದು ಸುಮ್ಮನೆ ಹೆದರಿಸುವ ಪ್ರಶ್ನೆಯಲ್ಲ. ಗಣಕಯಂತ್ರದಲ್ಲಿರುವ ಮಾಹಿತಿ ಕಳ್ಳರಿಂದ ಮಾತ್ರ ಕಳೆದುಹೋಗುವುದಿಲ್ಲ. ಹಲವು ಸಲ ಅದು ಕಳೆದುಹೋಗುವುದು ಪ್ರಾಮಾಣಿಕ ನೌಕರನೊಬ್ಬ ಆಯಾಸದಲ್ಲಿ ತಪ್ಪು ಗುಂಡಿ ಒತ್ತಿದ್ದರಿಂದ. ಹಾಗೆ ಕಳೆದದ್ದನ್ನು ಮರಳಿ ತರಲು ಒಂದು ವಿದ್ಯೆ ಇದೆ. ಅದನ್ನು ದೊಡ್ಡ ದೊಡ್ಡ ಗಣಕ ಕೇಂದ್ರಗಳವರು ದಿನನಿತ್ಯ ಬಳಸುತ್ತಾರೆ. ಅದರ ಹಿಂದಿನ ವಿಚಾರ ಮಾತ್ರ ಊರಿನ ಶಾನುಭೋಗರಿಗೂ ಗೊತ್ತಿದ್ದದ್ದೇ.

ಹೊಡೆದುಹಾಕಿದರೂ ಓದಬಹುದಾದ ಅಕ್ಷರ

ಈ ಮೂರು ತಾಲ್ಲೂಕುಗಳ ಕಾಗದಪತ್ರಗಳ ಚರಿತ್ರೆ ಸ್ವಾರಸ್ಯವಾದದ್ದು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರಿಗೆ ಬಂತು. ಪಕ್ಕದ ಯಳಂದೂರನ್ನು ಮೈಸೂರಿನವರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದರು. 1997ರಲ್ಲಿ ಎರಡೂ ಹೊಸ ಚಾಮರಾಜನಗರ ಜಿಲ್ಲೆಯ ಪಾಲಾದವು. ಆಮೇಲೆ ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಆಳುವವರು ಬದಲಾದರು, ಜಿಲ್ಲೆ ಬದಲಾಯಿತು, ಕಚೇರಿ ಬದಲಾಯಿತು. ಜಮೀನಿನ ಲೆಕ್ಕ ಮಾತ್ರ ಒಂದು ಕಪಾಟಿನಿಂದ ಇನ್ನೊಂದಕ್ಕೆ ಸಾಗುತ್ತಲೇ ಬಂತು.

ಆ ಕಾಗದದ ಪುಸ್ತಕಗಳಲ್ಲಿ ಒಂದು ದೊಡ್ಡ ಗುಣವಿತ್ತು. ಬರೆದದ್ದು ತಪ್ಪಾದರೆ ರಬ್ಬರ್ ಹಚ್ಚಿ ಅಳಿಸುವಂತಿರಲಿಲ್ಲ. ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕಾಗಿತ್ತು. ಗೆರೆಯ ಕೆಳಗಿನ ಹಳೆಯ ಅಕ್ಷರವನ್ನು ಯಾರು ಬೇಕಾದರೂ ಓದಬಹುದಿತ್ತು. ವ್ಯಾಜ್ಯ ಬಂದಾಗ ನ್ಯಾಯಾಲಯ ನೋಡುತ್ತಿದ್ದುದೂ ಆ ಹೊಡೆದುಹಾಕಿದ ಅಕ್ಷರವನ್ನೇ.

2000ದ ನಂತರದ ಕೆಲವೇ ವರ್ಷಗಳಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮೊದಲು ತಾಲ್ಲೂಕು ಕಚೇರಿಯ ಗಣಕದಲ್ಲಿದ್ದ ಮಾಹಿತಿ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ರೈತರಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ. ಆದರೆ ಗಣಕದ ಸ್ವಭಾವ ಕಾಗದದ ಸ್ವಭಾವದಂತಲ್ಲ. ಅದು ಹೊಸದನ್ನು ಹಳೆಯದರ ಜಾಗದಲ್ಲೇ ಬರೆದುಬಿಡುತ್ತದೆ. ಗೆರೆಯೂ ಇಲ್ಲ, ಕೆಳಗಿನ ಅಕ್ಷರವೂ ಇಲ್ಲ! ಆದ್ದರಿಂದ ಕಾಗದಕ್ಕೆ ಹುಟ್ಟಿನಿಂದಲೇ ಇದ್ದ ಗುಣವನ್ನು ಗಣಕಕ್ಕೆ ಬೇರೆಯಾಗಿ ಕಲಿಸಬೇಕಾಯಿತು. ಆ ಕಲಿಕೆಯ ಹೆಸರೇ ಸ್ನ್ಯಾಪ್‌ಶಾಟ್.

ಒಂದು ಮನೆ, ಹಲವು ಒಲೆ

ಸ್ನ್ಯಾಪ್‌ಶಾಟಿನ ವಿಷಯಕ್ಕೆ ಹೋಗುವ ಮುನ್ನ ಇಂದಿನ ಸರ್ವರ್ ಎಂದರೇನು ಎಂಬುದನ್ನು ತಿಳಿಯಬೇಕು. ಹಿಂದೆ ಒಂದು ಕೆಲಸಕ್ಕೆ ಒಂದು ಗಣಕ ಎಂಬ ಲೆಕ್ಕವಿತ್ತು. ಗ್ರಂಥಾಲಯಕ್ಕೊಂದು, ಶುಲ್ಕದ ಲೆಕ್ಕಕ್ಕೊಂದು, ಅಂಕಪಟ್ಟಿಗೊಂದು. ಪ್ರತಿಯೊಂದೂ ದಿನದ ಬಹುಪಾಲು ಸುಮ್ಮನೆ ಕುಳಿತು ವಿದ್ಯುತ್ ತಿನ್ನುತ್ತಿತ್ತು. ಈಗ ಒಂದೇ ದೊಡ್ಡ ಯಂತ್ರದೊಳಗೆ ಹಲವು ‘ತೋರಿಕೆಯ ಗಣಕ’ಗಳನ್ನು ಕೂರಿಸುತ್ತಾರೆ. ಒಂದೇ ಮನೆಯಲ್ಲಿ ನಾಲ್ಕು ಒಲೆ ಹೂಡಿದಂತೆ. ಸೂರು ಒಂದೇ, ಬಾವಿ ಒಂದೇ, ಆದರೆ ಒಬ್ಬರ ಅಡಿಗೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಒಳಗಿರುವ ಪ್ರತಿಯೊಂದನ್ನೂ ವರ್ಚುವಲ್ ಯಂತ್ರ ಎನ್ನುತ್ತಾರೆ. ಅವೆಲ್ಲಕ್ಕೂ ಜಾಗ ಕೊಟ್ಟ ದೊಡ್ಡ ಯಂತ್ರವೇ ಹೋಸ್ಟ್.

ಈ ಉಪಾಯ ಹೊಸದಲ್ಲ. ಐಬಿಎಂ ಕಂಪನಿ ತನ್ನ ಭಾರಿ ಗಣಕಗಳಿಗೆ ಇಂಥ ವ್ಯವಸ್ಥೆಯನ್ನು 1972ರಲ್ಲೇ ಮಾರುಕಟ್ಟೆಗೆ ತಂದಿತ್ತು. 1998ರಲ್ಲಿ ಆರಂಭವಾದ ವಿಎಂವೇರ್ ಕಂಪನಿ ಮರುವರ್ಷವೇ ಅದನ್ನು ಮೇಜಿನ ಮೇಲಿನ ಸಾಮಾನ್ಯ ಗಣಕಕ್ಕೆ ಇಳಿಸಿತು, 2001ರಲ್ಲಿ ಸರ್ವರುಗಳಿಗೂ ತಂದಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ವರ್ಚುವಲ್ ಯಂತ್ರದ ಇಡೀ ಡಿಸ್ಕ್ ಹೋಸ್ಟ್‌ನ ಕಣ್ಣಿಗೆ ಕೇವಲ ಒಂದು ದೊಡ್ಡ ಕಡತ. ಅದನ್ನು ನಕಲು ಮಾಡಬಹುದು, ಬೇರೆಡೆಗೆ ಒಯ್ಯಬಹುದು, ಇನ್ನೊಂದು ಯಂತ್ರಕ್ಕೆ ತಗುಲಿಸಬಹುದು. ಕಳೆದ ಮಾಹಿತಿಯನ್ನು ಹಿಂದಕ್ಕೆ ತರುವ ದಾರಿ ತೆರೆದುಕೊಂಡದ್ದು ಇಲ್ಲಿಂದಲೇ.

ಕೆಲವೇ ಕ್ಷಣಗಳಲ್ಲಿ ತೆಗೆವ ಚಿತ್ರ

ಸ್ನ್ಯಾಪ್‌ಶಾಟ್ ಎಂದೊಡನೆ ಇಡೀ ಡಿಸ್ಕಿನ ನಕಲು ಎಂದು ಭಾವಿಸುವವರೇ ಹೆಚ್ಚು. ಅದು ಹಾಗಲ್ಲ. 2 ಟಿಬಿ ಮಾಹಿತಿಯನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲು ಮಾಡಿದರೆ ಸುಮಾರು ಐದೂವರೆ ಗಂಟೆ ಬೇಕು. ಸ್ನ್ಯಾಪ್‌ಶಾಟ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇದು ಹೇಗೆ ಸಾಧ್ಯ?

ನೂರು ಹಾಳೆಗಳ ಒಂದು ದಫ್ತರ, ಮೊದಲ ಹಾಳೆಯಲ್ಲಿ ಪರಿವಿಡಿ ಎಂದಿಟ್ಟುಕೊಳ್ಳೋಣ. ಸಂಜೆ ಆರಕ್ಕೆ ಗುಮಾಸ್ತ ಪರಿವಿಡಿಯ ಹಾಳೆಯೊಂದನ್ನು ಮಾತ್ರ ನಕಲು ಮಾಡಿ, ಮೇಲೆ ತಾರೀಕು ಬರೆದು ಇಡುತ್ತಾನೆ. ಜೊತೆಗೆ ಒಂದು ಕಟ್ಟಳೆ: ‘ಇನ್ನು ಮುಂದೆ ಈ ನೂರು ಹಾಳೆಗಳ ಮೇಲೆ ಯಾರೂ ಬರೆಯಕೂಡದು. 37ನೆಯ ಹಾಳೆ ಬದಲಾಗಬೇಕಿದ್ದರೆ ಹೊಸ ಹಾಳೆಯಲ್ಲಿ ಬರೆದು, ಹೊಸ ಪರಿವಿಡಿಯಲ್ಲಿ ಅದನ್ನು ತೋರಿಸಬೇಕು.’ ಮರುದಿನ ಮೂರು ಹಾಳೆ ಬದಲಾದರೆ ಹೆಚ್ಚಿಗೆ ಬೇಕಾದದ್ದು ಮೂರೇ ಹಾಳೆ. ಹೊಸ ಪರಿವಿಡಿ ಹಿಡಿದು ಓದಿದರೆ ಇಂದಿನ ಲೆಕ್ಕ, ಹಳೆಯ ಪರಿವಿಡಿ ಹಿಡಿದು ಓದಿದರೆ ನಿನ್ನೆ ಸಂಜೆ ಆರರ ಲೆಕ್ಕ! ಉಳಿದ 97 ಹಾಳೆ ಎರಡಕ್ಕೂ ಸಮಾನ. ಕೆಲವು ವ್ಯವಸ್ಥೆಗಳು ಸ್ವಲ್ಪ ಬೇರೆ ರೀತಿ ಮಾಡುತ್ತವೆ. ಹಳೆಯ ಹಾಳೆಯನ್ನು ಮೊದಲು ಪಕ್ಕಕ್ಕೆ ನಕಲು ಮಾಡಿಟ್ಟು, ಆಮೇಲೆ ಅದರ ಮೇಲೆ ಬರೆಯುತ್ತವೆ. ಫಲ ಎರಡರದ್ದೂ ಒಂದೇ.

ಅಮೆರಿಕದ ಬೆಲ್ ಪ್ರಯೋಗಾಲಯದ ‘ಪ್ಲಾನ್ 9’ ಎಂಬ ವ್ಯವಸ್ಥೆಯಲ್ಲಿ ದಿನವೂ ನಸುಕಿನಲ್ಲಿ ಇಂಥ ಚಿತ್ರ ತೆಗೆದಿಡುತ್ತಿದ್ದರು. ಯಾವ ತಾರೀಕಿನ ಕಡತ ಬೇಕೋ ಆ ತಾರೀಕಿನ ಹೆಸರಿನ ಕೋಶದೊಳಗೆ ಹೋಗಿ ನೋಡಿದರಾಯಿತು. 1993ರಲ್ಲಿ ಬಂದ ನೆಟ್‌ಆ್ಯಪ್ ಕಂಪನಿಯ ಸಂಗ್ರಹ ಯಂತ್ರ ಈ ವಿಚಾರವನ್ನು ಕಚೇರಿಗಳಿಗೆ ತಂದಿತು. ಅದರಲ್ಲಿ ಒಟ್ಟು 20 ಚಿತ್ರಗಳನ್ನು ಇಡಬಹುದಿತ್ತು. ಕಡತ ಅಳಿಸಿಕೊಂಡವರು ಯಾರನ್ನೂ ಬೇಡದೆ ತಾವೇ ಹಳೆಯ ಚಿತ್ರದೊಳಗಿಂದ ಅದನ್ನು ಎತ್ತಿಕೊಳ್ಳಬಹುದಿತ್ತು.

ಜಾಗದ ಲೆಕ್ಕ ಕಷ್ಟವೇನಲ್ಲ. 2 ಟಿಬಿ ಡಿಸ್ಕಿನಲ್ಲಿ ದಿನಕ್ಕೆ ನೂರಕ್ಕೆ ಎರಡರಷ್ಟು ಬದಲಾದರೆ ದಿನಕ್ಕೆ 40 ಜಿಬಿ. ಏಳು ದಿನದ ಚಿತ್ರ ಇಡಲು 280 ಜಿಬಿ ಸಾಕು. ಏಳು ಪೂರ್ಣ ನಕಲಿಗಾದರೆ 14 ಟಿಬಿ ಬೇಕಾಗುತ್ತಿತ್ತು.

‘ಹಿಂದಕ್ಕೆ ಹಾಕಿಬಿಡಪ್ಪ!’

ಈಗ ನಿಜವಾದ ಪರೀಕ್ಷೆ. ಕೊಳ್ಳೇಗಾಲದಂಥ ಊರಿನಲ್ಲಿ ಒಂದು ಕಾಲೇಜು ಎಂದು ಕಲ್ಪಿಸಿಕೊಳ್ಳೋಣ. ಹೋಸ್ಟ್ ಒಂದು, ಅದರೊಳಗೆ ಅಂಕಗಳು ಮತ್ತು ಶುಲ್ಕದ ಲೆಕ್ಕ ಎರಡನ್ನೂ ಹೊತ್ತ ಒಂದು ವರ್ಚುವಲ್ ಯಂತ್ರ. ದಿನವೂ ಬೆಳಿಗ್ಗೆ ಆರಕ್ಕೆ ಸ್ನ್ಯಾಪ್‌ಶಾಟ್. ಮಂಗಳವಾರ 11 ಗಂಟೆ 40 ನಿಮಿಷಕ್ಕೆ ಗುಮಾಸ್ತರು ಹಳೆಯ ಬ್ಯಾಚಿನ ಹೆಸರು ತೆಗೆಯಲು ಹೋಗಿ, ಈಗಿನ ಮೂರನೆಯ ಸೆಮಿಸ್ಟರಿನ 412 ವಿದ್ಯಾರ್ಥಿಗಳ ಆಂತರಿಕ ಅಂಕವನ್ನೆಲ್ಲ ಅಳಿಸಿಬಿಟ್ಟರು. ವಿಶ್ವವಿದ್ಯಾಲಯಕ್ಕೆ ಅಂಕ ಕಳುಹಿಸಲು ಮರುದಿನವೇ ಕೊನೆಯ ದಿನ.

ಸುದ್ದಿ ಕೇಳಿದ ಪ್ರಾಂಶುಪಾಲರು ಗಣಕ ನೋಡಿಕೊಳ್ಳುವ ಹುಡುಗನಿಗೆ, ‘ಬೆಳಿಗ್ಗೆದು ಇದೆಯಲ್ಲಾ, ಹಿಂದಕ್ಕೆ ಹಾಕಿಬಿಡಪ್ಪ!’ ಎನ್ನುತ್ತಾರೆ.

‘ಹಾಕಬಹುದು ಸಾರ್. ಆದರೆ ಬೆಳಿಗ್ಗೆಯಿಂದ ಕಟ್ಟಿದ ಫೀಸೆಲ್ಲ ಹೊರಟುಹೋಗುತ್ತೆ’ ಎಂಬುದು ತಿಳಿದವನ ಉತ್ತರ.

ಇಡೀ ವಿದ್ಯೆಯ ತಿರುಳು ಈ ಉತ್ತರದಲ್ಲಿದೆ. ಯಂತ್ರವನ್ನೇ ಬೆಳಗಿನ ಆರಕ್ಕೆ ಹಿಂದಿರುಗಿಸಿದರೆ ಅಂಕಗಳೇನೋ ಬರುತ್ತವೆ, ಆದರೆ ಐದೂ ಮುಕ್ಕಾಲು ಗಂಟೆಯ ಉಳಿದೆಲ್ಲ ಕೆಲಸ ನಾಶವಾಗುತ್ತದೆ. ಹನೂರಿನಿಂದ ಬೆಳಗಿನ ಬಸ್ಸಿಗೆ ಬಂದು ಮಗನ ಶುಲ್ಕ ಕಟ್ಟಿ ರಸೀದಿ ಪಡೆದು ಹೋದ ತಂದೆಯ ಹಣ ಲೆಕ್ಕದಲ್ಲಿ ಇರುವುದಿಲ್ಲ. ಒಬ್ಬರ ನಷ್ಟ ತುಂಬಲು ಇನ್ನೊಬ್ಬರಿಗೆ ನಷ್ಟ ಮಾಡಿದಂತಾಯಿತು. ಆದ್ದರಿಂದ ಹಳೆಯದನ್ನು ಹೊಸದರ ಮೇಲೆ ಹೇರಬಾರದು. ಹಳೆಯದನ್ನು ಪಕ್ಕದಲ್ಲಿ ಬೇರೆಯಾಗಿ ತೆರೆದು, ಬೇಕಾದಷ್ಟನ್ನೇ ಎತ್ತಿಕೊಂಡು ಬರಬೇಕು. ಹೀಗೆ ಪಕ್ಕದಲ್ಲಿ ತೆರೆದು ಹೋಸ್ಟ್‌ಗೆ ಕಾಣುವಂತೆ ಮಾಡುವುದಕ್ಕೆ ‘ಮೌಂಟ್’ ಮಾಡುವುದು ಎಂದು ಹೆಸರು.

ಅವಳಿಗಳಿಗೆ ಒಂದೇ ಹೆಸರು

ಹುಡುಗ ಮಾಡಬೇಕಾದ ಮೊದಲ ಕೆಲಸ ಯಾವುದನ್ನೂ ಮುಟ್ಟದಿರುವುದು. ಅಂಕ ವಿಭಾಗದವರಿಗೆ ಹೊಸದಾಗಿ ಏನನ್ನೂ ತುಂಬಬೇಡಿ ಎಂದು ಹೇಳಬೇಕು. ಎರಡನೆಯದು, ಹಳೆಯ ಸ್ನ್ಯಾಪ್‌ಶಾಟುಗಳನ್ನು ಕಾಲಕಾಲಕ್ಕೆ ತಾನಾಗಿ ಅಳಿಸುವ ವ್ಯವಸ್ಥೆಯನ್ನು ತಡೆಹಿಡಿಯಬೇಕು. ಬೇಕಾದ ಚಿತ್ರವೇ ಸರದಿ ಬಂದು ಅಳಿಸಿಹೋದ ಪ್ರಸಂಗಗಳುಂಟು! ಮೂರನೆಯದು, ಕೆಟ್ಟಿರುವ ಈಗಿನ ಸ್ಥಿತಿಯದೂ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಬೇಕು. ರಿಪೇರಿಯಲ್ಲಿ ತಪ್ಪಾದರೆ ಕನಿಷ್ಠ ಇಲ್ಲಿಗಾದರೂ ಮರಳಬಹುದು.

ಆಮೇಲೆ ಬೆಳಗಿನ ಚಿತ್ರದಿಂದ ಬರೆಯಬಹುದಾದ ಒಂದು ಪ್ರತಿ ಮಾಡಿಕೊಂಡು ಅದನ್ನು ಹೋಸ್ಟ್‌ಗೆ ತೋರಿಸಬೇಕು. ಇಲ್ಲೊಂದು ತೊಡಕಿದೆ. ವಿಎಂವೇರ್‌ನ ವ್ಯವಸ್ಥೆಯಲ್ಲಿ ಪ್ರತಿಯೊಂದು ಸಂಗ್ರಹಕ್ಕೂ ತನ್ನದೇ ಆದ ಗುರುತಿನ ಸಂಖ್ಯೆ ಇರುತ್ತದೆ. ಸ್ನ್ಯಾಪ್‌ಶಾಟ್ ಎಂದರೆ ತದ್ರೂಪ, ಆದ್ದರಿಂದ ಅದರ ಗುರುತೂ ಮೂಲದ್ದೇ. ಒಂದೇ ತರಗತಿಯಲ್ಲಿ ಅವಳಿಗಳಿಬ್ಬರಿಗೂ ಒಂದೇ ಹೆಸರಿದ್ದರೆ ಹಾಜರಿ ಕೂಗುವ ಮೇಷ್ಟ್ರ ಪಾಡೇನು? ಹೋಸ್ಟ್‌ನ ಪಾಡೂ ಅದೇ. ಅದು ‘ಇದು ಯಾವುದರದೋ ನಕಲು’ ಎಂದು ಗುರುತಿಸಿ, ತಾನಾಗಿ ತೆರೆಯದೆ ಸುಮ್ಮನಿರುತ್ತದೆ. ಎಷ್ಟೋ ಜನ ಹೊಸಬರು ‘ಸ್ನ್ಯಾಪ್‌ಶಾಟ್ ಕೊಟ್ಟರೂ ಕಾಣಿಸುತ್ತಿಲ್ಲ’ ಎಂದು ಕಂಗಾಲಾಗುವುದು ಈ ಹಂತದಲ್ಲೇ. ಮಾಹಿತಿ ಹೋಗಿಲ್ಲ, ಯಂತ್ರ ಅಪ್ಪಣೆಗೆ ಕಾಯುತ್ತಿದೆ, ಅಷ್ಟೆ.

ಅಪ್ಪಣೆ ಎರಡು ಬಗೆಯದು. ಒಂದು, ಹಳೆಯ ಗುರುತನ್ನೇ ಉಳಿಸಿಕೊಂಡು ತೆರೆ ಎನ್ನುವುದು. ಮೂಲ ಸಂಗ್ರಹ ಅಲ್ಲೇ ಚಾಲನೆಯಲ್ಲಿದ್ದರೆ ಇದಕ್ಕೆ ಅವಕಾಶವಿಲ್ಲ. ಎರಡು, ಹೊಸ ಗುರುತು ಬರೆದು ತೆರೆ ಎನ್ನುವುದು. ಕಾಲೇಜಿನ ಕೆಲಸಕ್ಕೆ ಬೇಕಾದದ್ದು ಎರಡನೆಯದು. ಆಗ ಆ ಸಂಗ್ರಹ ತನ್ನ ಹಳೆಯ ಹೆಸರಿನ ಮುಂದೆ ‘ಸ್ನ್ಯಾಪ್’ ಎಂಬ ಪದವನ್ನೂ ಒಂದು ಸಂಖ್ಯೆಯನ್ನೂ ಸೇರಿಸಿಕೊಂಡು ಪಟ್ಟಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಹೊಸ ಗುರುತು ಡಿಸ್ಕಿನ ಮೇಲೆ ಬರೆಯಲ್ಪಡುವುದರಿಂದಲೇ ಮೂಲ ಚಿತ್ರದ ಬದಲು ಅದರ ಪ್ರತಿಯನ್ನು ಬಳಸುವುದು.

ಹಳೆಯ ಯಂತ್ರ ಮಾತಾಡಬಾರದು

ಈಗ ಬೆಳಗಿನ ಆರು ಗಂಟೆಯ ಡಿಸ್ಕ್ ಕೈಯಲ್ಲಿದೆ. ಅದನ್ನು ಬೇರೊಂದು ಖಾಲಿ ವರ್ಚುವಲ್ ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ತಗುಲಿಸಿ ಒಳಗಿನ ಕಡತಗಳನ್ನು ಓದಬಹುದು. ದತ್ತಸಂಚಯದ ಒಳಗಿನ ಕೆಲವೇ ಸಾಲುಗಳು ಬೇಕಿದ್ದರೆ ಆ ಹಳೆಯ ಯಂತ್ರವನ್ನೇ ಚಾಲೂ ಮಾಡಬೇಕಾಗುತ್ತದೆ. ಆದರೆ ಹಾಗೆ ಮಾಡುವ ಮುನ್ನ ಅದರ ಜಾಲಸಂಪರ್ಕವನ್ನು ಕಡಿಯಲೇಬೇಕು.

ಕಡಿಯದಿದ್ದರೆ ಏನಾಗುತ್ತದೆ? ಒಂದೇ ವಿಳಾಸದ ಎರಡು ಯಂತ್ರಗಳು ಏಕಕಾಲಕ್ಕೆ ಉತ್ತರ ಕೊಡತೊಡಗುತ್ತವೆ. ಶುಲ್ಕ ವಿಭಾಗದವರು ತುಂಬಿದ ರಸೀದಿ ಹೊಸದಕ್ಕೆ ಹೋಯಿತೋ ಹಳೆಯದಕ್ಕೆ ಹೋಯಿತೋ ಹೇಳಲಾಗದು. ಅಷ್ಟೇ ಅಲ್ಲ, ಹಳೆಯ ಯಂತ್ರ ತನ್ನನ್ನು ಯಾರೋ ಎಬ್ಬಿಸಿದರೆಂದು ತಿಳಿದು ತನ್ನ ದಿನಚರಿ ಶುರುಮಾಡುತ್ತದೆ. ನಿನ್ನೆ ಗೈರುಹಾಜರಾದವರ ಮನೆಗೆ ಇನ್ನೊಮ್ಮೆ ಎಸ್‌ಎಂಎಸ್ ಕಳುಹಿಸಬಹುದು. ಮಗಳು ತರಗತಿಯಲ್ಲೇ ಕುಳಿತಿರುವಾಗ ಯಳಂದೂರಿನಲ್ಲಿರುವ ತಾಯಿಗೆ ‘ನಿಮ್ಮ ಮಗಳು ಕಾಲೇಜಿಗೆ ಬಂದಿಲ್ಲ’ ಎಂಬ ಸಂದೇಶ ಹೋದರೆ ಹೇಗಿರುತ್ತದೆ!

ಜಾಲದಿಂದ ಬೇರ್ಪಡಿಸಿ ಎಬ್ಬಿಸಿದ ಮೇಲೆ ಮೂರನೆಯ ಸೆಮಿಸ್ಟರಿನ ಅಂಕಗಳನ್ನು ಮಾತ್ರ ಒಂದು ಕಡತಕ್ಕೆ ಇಳಿಸಬೇಕು. ಸಾಲುಗಳನ್ನು ಎಣಿಸಬೇಕು: 412 ಇವೆಯೇ? ಐದಾರು ವಿದ್ಯಾರ್ಥಿಗಳ ಅಂಕವನ್ನು ಅಧ್ಯಾಪಕರ ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡಬೇಕು. ಬೆಳಿಗ್ಗೆ ಆರರಿಂದ 11.40ರ ನಡುವೆ ಯಾರಾದರೂ ಅಂಕ ತಿದ್ದಿದ್ದರೆ ಅದು ಈ ಚಿತ್ರದಲ್ಲಿ ಇರುವುದಿಲ್ಲ. ಅಧ್ಯಾಪಕರನ್ನು ಕೇಳಿ ಮತ್ತೆ ಸೇರಿಸಬೇಕು. ನಂತರವೇ ಈಗಿನ ಯಂತ್ರಕ್ಕೆ ತುಂಬುವುದು. ಕೊನೆಗೆ ತಾತ್ಕಾಲಿಕ ಯಂತ್ರವನ್ನು ನಿಲ್ಲಿಸಿ, ಸಂಗ್ರಹವನ್ನು ಕಳಚಿ, ಪ್ರತಿಯನ್ನು ತೆಗೆದುಹಾಕಿ, ಮಾಡಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕೆಲಸ ಮುಗಿಯಿತು. ಶುಲ್ಕದ ಒಂದು ರಸೀದಿಯೂ ಅಲ್ಲಾಡಿರುವುದಿಲ್ಲ.

ಒಂದು ಎಚ್ಚರಿಕೆ ಉಂಟು. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿ ಇನ್ನೂ ತೂಗಾಡುತ್ತಿರುವಾಗಲೇ ಫೋಟೊ ತೆಗೆದರೆ ಆ ಚಿತ್ರದಿಂದ ತೂಕ ಹೇಳಲು ಬರುವುದಿಲ್ಲ. ಗಣಕವೂ ಹಾಗೆಯೇ. ರಸೀದಿ ಅರ್ಧ ಬರೆದಿರುವಾಗ ತೆಗೆದ ಸ್ನ್ಯಾಪ್‌ಶಾಟಿನಲ್ಲಿ ರಸೀದಿಯೂ ಅರ್ಧವೇ ಇರುತ್ತದೆ. ಒಳ್ಳೆಯ ದತ್ತಸಂಚಯಗಳು ಎದ್ದ ಕೂಡಲೇ ಅರ್ಧ ಕೆಲಸವನ್ನು ಸರಿಪಡಿಸಿಕೊಳ್ಳುತ್ತವೆ. ಆದರೂ ಚಿತ್ರ ತೆಗೆಯುವ ಕ್ಷಣದಲ್ಲಿ ‘ಕೈಯಲ್ಲಿರುವುದನ್ನು ಮುಗಿಸಿ ಒಂದು ಗಳಿಗೆ ನಿಲ್ಲು’ ಎಂದು ಯಂತ್ರಕ್ಕೆ ಹೇಳುವ ಏರ್ಪಾಡು ಇರುವುದು ಲೇಸು.

ಆರು ಗಂಟೆಯ ಪುಣ್ಯ

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರಿಗೆ ನಿಜಜೀವನದ ಒಂದು ಪ್ರಸಂಗವಿದೆ. ಪ್ರಪಂಚದಾದ್ಯಂತ ತಂತ್ರಾಂಶ ಬರೆಯುವವರು ತಮ್ಮ ಬರವಣಿಗೆಯನ್ನು ಇಡುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ 2017ರ ಜನವರಿ 31ರ ರಾತ್ರಿ ತೊಂದರೆಯೊಂದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್, ಎರಡನೆಯ ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ತಪ್ಪು ಅರಿವಾಗಿ ತಡೆದದ್ದು ಒಂದೆರಡು ಸೆಕೆಂಡುಗಳಲ್ಲೇ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ!

ಬ್ಯಾಕಪ್ ಇರಲಿಲ್ಲವೇ? ಕಾಗದದ ಮೇಲೆ ಹಲವು ಬಗೆಯದಿತ್ತು. ದಿನದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಹಾಗೆ ವಿಫಲವಾಯಿತೆಂದು ಹೇಳುವ ಮಿಂಚಂಚೆಯೂ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಒಂದು ಸ್ನ್ಯಾಪ್‌ಶಾಟ್. ಅದೂ ರಕ್ಷಣೆಗೆಂದು ತೆಗೆದದ್ದಲ್ಲ, ಪರೀಕ್ಷಾ ಸರ್ವರಿಗೆ ಮಾಹಿತಿ ತುಂಬಲೆಂದು ಸುಮಾರು ಆರು ಗಂಟೆ ಮುಂಚೆ ಒಬ್ಬರು ಕೈಯಾರೆ ತೆಗೆದದ್ದು. ಅದರಿಂದ ತಾಣ ಮತ್ತೆ ಎದ್ದು ನಿಂತಿತು. ಆ ಆರು ಗಂಟೆಗಳ ಕೆಲಸ ಮಾತ್ರ ಹೋಯಿತು: ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳು. ಕಂಪನಿ ಏನನ್ನೂ ಮುಚ್ಚಿಡದೆ ನಡೆದದ್ದೆಲ್ಲವನ್ನೂ ಬಹಿರಂಗಪಡಿಸಿತು. ಆದ್ದರಿಂದಲೇ ಇಂದು ವಿದ್ಯಾರ್ಥಿಗಳು ಅದನ್ನು ಪಾಠವಾಗಿ ಓದಬಹುದಾಗಿದೆ.

ಒಂದೇ ಮನೆಯ ಎರಡು ಬೀಗದ ಕೈ

ಹಾಗಾದರೆ ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಬೇಡವೇ? ಬೇಕೇ ಬೇಕು. ಹಳೆಯ ಪರಿವಿಡಿ, ಹೊಸ ಪರಿವಿಡಿ ಎರಡೂ ಅದೇ 97 ಹಾಳೆಗಳನ್ನು ನಂಬಿವೆ ಎಂಬುದನ್ನು ಮರೆಯಬಾರದು. ಡಿಸ್ಕೇ ಸುಟ್ಟರೆ ಎರಡೂ ಹೋದವು. ಹೋಸ್ಟ್ ತಾನೇ ವರ್ಚುವಲ್ ಯಂತ್ರಕ್ಕೆ ತೆಗೆಯುವ ಇನ್ನೊಂದು ಬಗೆಯ ಸ್ನ್ಯಾಪ್‌ಶಾಟ್ ಉಂಟು. ಅದನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್ ಸಂಸ್ಥೆಯೇ ಹೇಳುತ್ತದೆ. ಇಟ್ಟಷ್ಟೂ ಅದು ಬೆಳೆದು ಜಾಗ ನುಂಗುತ್ತದೆ, ಯಂತ್ರವನ್ನು ನಿಧಾನಿಸುತ್ತದೆ.

ಕಾವೇರಿ ಉಕ್ಕಿದಾಗ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರಿನಂಥ ನದಿ ದಂಡೆಯ ಊರುಗಳಿಗೆ ನೀರು ನುಗ್ಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲ ಪತ್ರ ಒಂದು ಪೆಟ್ಟಿಗೆಯಲ್ಲಿ, ನಕಲು ಇನ್ನೊಂದು ಪೆಟ್ಟಿಗೆಯಲ್ಲಿ. ಎರಡು ಪೆಟ್ಟಿಗೆಯೂ ಒಂದೇ ಕೋಣೆಯಲ್ಲಿ ಇದ್ದರೆ ಏನು ಬಂತು? ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ನಕಲನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಬೇರೆಡೆ ಇಟ್ಟ ನಕಲು ಕಾಪಾಡಿದ್ದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆಯಿತು. ಸುಮಾರು 1.3 ಟಿಬಿ ಮಾಹಿತಿಗೆ ದಾಳಿಕೋರರು ಬೀಗ ಜಡಿದರು. ರೋಗಿಗಳ ನೋಂದಣಿ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ದಾಳಿಗೆ ಸಿಗದೆ ಉಳಿದ ಒಂದು ಬ್ಯಾಕಪ್ ಸರ್ವರಿನಿಂದ ಆಸ್ಪತ್ರೆಯ ಮಾಹಿತಿಯನ್ನು ಮರಳಿ ಪಡೆಯಲಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇಂಥ ದಾಳಿಕೋರರು ಒಳಹೊಕ್ಕೊಡನೆ ಸ್ನ್ಯಾಪ್‌ಶಾಟುಗಳನ್ನು ಹುಡುಕಿ ಅಳಿಸಲು ನೋಡುತ್ತಾರೆ. ಆದ್ದರಿಂದ ಬಲ್ಲವರ ಸೂತ್ರ ‘ಮೂರು-ಎರಡು-ಒಂದು’. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಇವತ್ತಿನ ಕೈತಪ್ಪಿಗೆ ಸ್ನ್ಯಾಪ್‌ಶಾಟ್, ನಾಳಿನ ಬೆಂಕಿ-ನೀರು-ಕಳ್ಳರಿಗೆ ಬ್ಯಾಕಪ್.

ಮನೆಯಲ್ಲೇ ಮಾಡಬಹುದಾದ ಅಭ್ಯಾಸ

ಈ ವಿದ್ಯೆ ಕಲಿಯಲು ದೊಡ್ಡ ದತ್ತಾಂಶ ಕೇಂದ್ರವೇ ಬೇಕೆಂದಿಲ್ಲ. ಡಿಪ್ಲೊಮಾ ಅಥವಾ ಬಿಸಿಎ ಓದುವ ವಿದ್ಯಾರ್ಥಿ 8 ಜಿಬಿ ಮೆಮೊರಿಯ ಸಾಧಾರಣ ಗಣಕದಲ್ಲಿ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದರೊಳಗೆ ಲಿನಕ್ಸ್ ಯಂತ್ರವೊಂದನ್ನು ಮಾಡಿಕೊಳ್ಳಬಹುದು. ಹತ್ತು ಕಡತ ಬರೆದು ಸ್ನ್ಯಾಪ್‌ಶಾಟ್ ತೆಗೆಯಲಿ. ಆಮೇಲೆ ಮೂರನ್ನು ಅಳಿಸಿ, ಎರಡು ಹೊಸದನ್ನು ಸೇರಿಸಲಿ. ಈಗ ಪಂದ್ಯ: ಹೊಸ ಎರಡನ್ನೂ ಕಳೆದುಕೊಳ್ಳದೆ ಹಳೆಯ ಮೂರನ್ನು ಮರಳಿ ತರಬೇಕು. ಸ್ನ್ಯಾಪ್‌ಶಾಟಿನಿಂದ ಪ್ರತಿ ಯಂತ್ರ ಮಾಡಿ, ಜಾಲಸಂಪರ್ಕ ಕಡಿದು, ಅದರ ಡಿಸ್ಕನ್ನು ಓದಿ ಮೂರೇ ಕಡತ ಎತ್ತಿಕೊಂಡು ಬಂದವನು ಪಂದ್ಯ ಗೆದ್ದ. ‘ಹಿಂದಕ್ಕೆ’ ಗುಂಡಿ ಒತ್ತಿದವನು ಸೋತ. ಇದನ್ನು ನಾಲ್ಕು ಸಲ ಮಾಡಿದವನಿಗೆ ನಾಳೆ ಕಚೇರಿಯಲ್ಲಿ ಕೈ ನಡುಗುವುದಿಲ್ಲ.

ಗಣಕ ವಿಜ್ಞಾನ ಓದದವರಿಗೂ ಈ ಪಾಠ ಅನ್ವಯಿಸುತ್ತದೆ. ನಾಲ್ವರು ಸಹಪಾಠಿಗಳು ಸೇರಿ ಗೂಗಲ್ ಡಾಕ್ಸ್‌ನಲ್ಲಿ ಪ್ರಾಜೆಕ್ಟ್ ವರದಿ ಬರೆಯುತ್ತಿರುವಾಗ ಒಬ್ಬಳ ಅಧ್ಯಾಯ ಅಳಿಸಿಹೋಯಿತೆನ್ನಿ. ಆವೃತ್ತಿ ಇತಿಹಾಸದಲ್ಲಿ ನಿನ್ನೆಯ ಪ್ರತಿ ಸಿಗುತ್ತದೆ. ಅದನ್ನು ಹಾಗೆಯೇ ಮರುಸ್ಥಾಪಿಸಿದರೆ ಉಳಿದ ಮೂವರ ಇವತ್ತಿನ ಬರವಣಿಗೆ ಹೋಗುತ್ತದೆ. ಹಳೆಯ ಪ್ರತಿಯನ್ನು ತೆರೆದು, ಆ ಅಧ್ಯಾಯವನ್ನಷ್ಟೇ ನಕಲು ಮಾಡಿ ಈಗಿನದಕ್ಕೆ ಸೇರಿಸಿದರೆ ನಾಲ್ವರೂ ಉಳಿದರು. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ ಅಳಿಸಿದ ಕಡತ ಇರುವುದು 30 ದಿನ ಮಾತ್ರ ಎಂಬುದೂ ನೆನಪಿರಲಿ.

ತಂದೆ-ತಾಯಿಯರು ಮಾಡಬೇಕಾದದ್ದು ಇನ್ನೂ ಸರಳ. ಮಕ್ಕಳ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆ, ಶುಲ್ಕದ ರಸೀದಿ, ಇವುಗಳ ಮುದ್ರಿತ ಪ್ರತಿ ಮನೆಯಲ್ಲೊಂದು, ಬೇರೆ ಊರಿನ ನೆಂಟರ ಮನೆಯಲ್ಲೊಂದು ಇರಲಿ. ‘ಎಲ್ಲಾ ಮೊಬೈಲ್‌ನಲ್ಲಿದೆ’ ಎಂಬ ಧೈರ್ಯ ಮೊಬೈಲ್ ಬಾವಿಗೆ ಬೀಳುವವರೆಗೆ ಮಾತ್ರ. ಮಗುವಿನ ಶಾಲೆಯ ಪಾಲಕರ ಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಬಹುದು. ‘ಬ್ಯಾಕಪ್ ಇದೆಯೇ?’ ಎಂದಲ್ಲ, ಅದಕ್ಕೆ ಎಲ್ಲರೂ ‘ಇದೆ’ ಎಂದೇ ಹೇಳುತ್ತಾರೆ, 2017ರ ಆ ರಾತ್ರಿಯವರೆಗೆ ಗಿಟ್‌ಲ್ಯಾಬ್‌ನವರೂ ಹಾಗೆಯೇ ನಂಬಿದ್ದರು. ಕೇಳಬೇಕಾದ ಪ್ರಶ್ನೆ ಬೇರೆ: ‘ಅದರಿಂದ ಒಂದು ಮಗುವಿನ ಅಂಕವನ್ನು ಕೊನೆಯ ಸಲ ತೆಗೆದು ನೋಡಿದ್ದು ಯಾವಾಗ?’